ಮೂರನೇ ಹಾಸಿಗೆಯ ಮೀಟರ್

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಲಿವರ್‌ಪೂಲಿನಲ್ಲಿ ನನ್ನದೊಂದು ಅಂಗಡಿ. ಜನ ಬಲ್ಬುಗಳ ಹಾಸಿಗೆಯಲ್ಲಿ ಮಲಗಿ ಮೈ ಕಂದು ಮಾಡಿಕೊಂಡು ಹೋಗುತ್ತಾರೆ. ಹೊಸ ಬಲ್ಬಿನಲ್ಲಿ ಬೇಗ ಬಣ್ಣ ಬರುತ್ತದೆಂದು ಎಲ್ಲರಿಗೂ ಅದರ ಆಸೆ. ನಾನು ಹಳೆಯವನ್ನೇ ಬಿಟ್ಟು, ಉರಿದ ಹೊತ್ತು ತೋರಿಸುವ ಮೀಟರನ್ನು ಮಾತ್ರ ಸೊನ್ನೆಗೆ ತಿರುಗಿಸಿ, "ಹೊಸಾವು ಹಾಕಿದೀನಿ" ಎನ್ನುತ್ತಿದ್ದೆ.

ಏಪ್ರಿಲ್‌ನಲ್ಲಿ ನಿಜಕ್ಕೂ ಹೊಸವನ್ನು ಹಾಕಿದೆ. ಅಂದೇ ನನ್ನ ಹಳೆಯ ಗಿರಾಕಿ ನೋರೀನ್ ಆಂಟಿ ಬಂದರು, ಮೊಮ್ಮಗಳ ಮದುವೆಗೆ ಬಣ್ಣ ಬೇಕೆಂದು.

"ಹೊಸ ಬಲ್ಬು ಆಂಟಿ, ಜಾಸ್ತಿ ಸುಡತ್ತೆ. ಆರೇ ನಿಮಿಷ ಸಾಕು."

"ಪ್ರತಿ ಸಲಾನೂ ಇದೇ ರಾಗ ಕಣೇ ನಿಂದು," ಎಂದು ನಕ್ಕು, ಮೂರನೇ ಹಾಸಿಗೆಯಲ್ಲಿ ಎಂದಿನಂತೆ ಹನ್ನೆರಡು ನಿಮಿಷ ಮಲಗಿದರು. ನಾನು ತಡೆಯಲಿಲ್ಲ, ತಡೆದರೆ ಹಳೆಯ ಸುಳ್ಳು ಬಯಲಾಗುತ್ತಿತ್ತು. ಮೈಯೆಲ್ಲ ಬೊಬ್ಬೆ ಎದ್ದು, ವಾರದೊಳಗೆ ತೀರಿಕೊಂಡರು. ಹೃದಯ ನಿಂತಿತಂತೆ.

ಆಮೇಲೆ ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಮೂರನೇ ಹಾಸಿಗೆ ಬೆಚ್ಚಗಿರುತ್ತಿತ್ತು. ಅವರು ಹಚ್ಚಿಕೊಳ್ಳುತ್ತಿದ್ದ ತೆಂಗಿನೆಣ್ಣೆಯ ವಾಸನೆ. ಮೀಟರ್ ಹನ್ನೆರಡು ನಿಮಿಷ ಮುಂದೆ. ಬಲ್ಬುಗಳನ್ನೆಲ್ಲ ಬಿಚ್ಚಿಟ್ಟೆ, ಮರುದಿನವೂ ಹನ್ನೆರಡೇ.

ನಿನ್ನೆ ಆ ಖಾಲಿ ಹಾಸಿಗೆಯ ಪಕ್ಕ ಕುಳಿತು ಹೇಳಿಬಿಟ್ಟೆ: "ಅವತ್ತು ಮಾತ್ರ ನಿಜ ಹೇಳಿದ್ದೆ ಆಂಟಿ. ಅದಕ್ಕೆ ಮುಂಚೆ ಹೇಳಿದ್ದೆಲ್ಲಾ ಸುಳ್ಳು."

ಇವತ್ತು ಬೆಳಿಗ್ಗೆ ಮೀಟರ್ ಆರೇ ನಿಮಿಷ ಮುಂದೆ ಹೋಗಿತ್ತು.