ತುಳಸಿಗೆ ಬಾರದ ಚೀಟಿ

ಕರಗಿದ ಅರಗಿನ ವಾಸನೆ ಬಂದರೆ ಸಂಹಿತಾಳಿಗೆ ಈಗಲೂ ಮಡಿಕೇರಿಯ ಅಂಚೆ ಕಚೇರಿ ನೆನಪಾಗುತ್ತದೆ. ಕಾವೇರಮ್ಮತ್ತೆ ಚೀಲಗಳಿಗೆ ಮೊಹರು ಒತ್ತುವಾಗ ಪುಟ್ಟ ಸಂಹಿತಾ ಪಕ್ಕದಲ್ಲೇ ಕೂತಿರುತ್ತಿದ್ದಳು. ನಿವೃತ್ತರಾದ ಮೇಲೂ ಸುತ್ತಲಿನವರು ಬಿಡಿಸಲಾಗದ ಗಂಟುಗಳನ್ನು ಅತ್ತೆಯ ಬಳಿಗೇ ತರುತ್ತಿದ್ದರು. ಜತೆಗೆ ಹೋಗುವವಳು ಸಂಹಿತಾ.

ಆ ಬೆಳಿಗ್ಗೆ ಬಂದವಳು ಕಕ್ಕಬೆಯ ಹೋಂಸ್ಟೇಯಲ್ಲಿ ಅಡುಗೆ ಮಾಡುವ ತುಳಸಿ. ಹಿಂದಿನ ಮಧ್ಯಾಹ್ನ ಅವಳು ಬಡಿಸಿದ ಕುರ್ಮಾ ಉಂಡ ಅನುಶ್ರೀ ಎಂಬ ಅತಿಥಿ ಉಸಿರುಕಟ್ಟಿ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋಗಿದ್ದಳು. ಕುರ್ಮಾದಲ್ಲಿ ಅರೆದ ಗೋಡಂಬಿಯಿತ್ತು. ಅದು ಅವಳ ಮೈಗೆ ವಿಷ. ಸಂಜೆ ಪೊಲೀಸರು ತುಳಸಿಯನ್ನು ಕರೆದೊಯ್ಯುವವರಿದ್ದರು.

"ಗೋಡಂಬಿ ಬೇಡ ಅಂತ ಚೀಟಿ ಬಂದಿದ್ರೆ ನಾನು ಹಾಕ್ತಿದ್ನಾ ಅಮ್ಮ?" ಎಂದಳು ಅವಳು.

ಹೋಂಸ್ಟೇಯಲ್ಲಿ ಮ್ಯಾನೇಜರ್ ಆನಂದ್ ವ್ಯವಸ್ಥೆಯನ್ನು ವಿವರಿಸಿದ. ದಿನಕ್ಕೆ ನೂರು ಇಮೇಲ್ ಬಂದರೆ ಯಾರು ಓದುತ್ತಾರೆ? ಅದಕ್ಕೇ ಎಐ ಹಾಕಿಸಿದ್ದ. ಅದೇ ಓದಿ ಉತ್ತರ ಬರೆಯುತ್ತದೆ, ಊಟದ ಸೂಚನೆಗಳನ್ನು ಚೀಟಿಯಾಗಿ ಅಡುಗೆಮನೆಯಲ್ಲಿ ಮುದ್ರಿಸುತ್ತದೆ.

"ಚೀಟಿ ಬಂದೇ ಇರುತ್ತೆ ಮೇಡಂ. ಒಲೆ ಹಚ್ಚೋಕೆ ಬಳಸಿರಬೇಕು," ಎಂದು ನಕ್ಕ.

ಜಗಲಿಯಲ್ಲಿ ಅನುಶ್ರೀಯ ಗಂಡ ತೇಜಸ್ ಕೂತಿದ್ದ. ಹಿಂದಿನ ದಿನದಿಂದ ನೀರೂ ಮುಟ್ಟಿರಲಿಲ್ಲ. ತುಳಸಿಯನ್ನು ಕಂಡೊಡನೆ "ಕೊಲೆಗಾತಿ" ಎಂದ. ಅವನ ಫೋನಿನಲ್ಲಿ ಹೆಂಡತಿ ಹೋಂಸ್ಟೇಗೆ ಕಳಿಸಿದ್ದ ಇಮೇಲ್ ಪತ್ರವಿತ್ತು:

"ತುಳಸಿ ಅಕ್ಕಾ, ಹೋದ ವರ್ಷ ಬಂದವಳು, ನೆನಪಿದ್ಯಾ? ಈ ಸಲ ಗೋಡಂಬಿ ಮುಟ್ಟಬಾರದು ಅಂದಿದ್ದಾರೆ ಡಾಕ್ಟರು. ನಿಮ್ಮ ಕೈಯ ಗಂಜಿ ಕೊಟ್ಟರೂ ಸಾಕು."

ಕೆಳಗೆ ಉತ್ತರ: "ಅಡುಗೆಮನೆಗೆ ತಿಳಿಸಲಾಗಿದೆ." ಆ ಮಾತನ್ನು ನಂಬಿ ಅನುಶ್ರೀ ಕೇಳದೆಯೇ ಉಂಡಿದ್ದಳು. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದರು.

ಅಡುಗೆಮನೆಯ ತಂತಿಗೆ ನಾಲ್ಕು ತಿಂಗಳ ಚೀಟಿಗಳನ್ನು ಚುಚ್ಚಿಟ್ಟಿತ್ತು. ಒಂದರಲ್ಲೂ ತುಳಸಿಯ ಹೆಸರಿರಲಿಲ್ಲ. ಹಜಾರದಲ್ಲಿ ಅತಿಥಿಗಳು ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ ಮಾತ್ರ ಪುಟಪುಟಕ್ಕೂ ಅವಳದೇ ಹೊಗಳಿಕೆ. ಮಾಲೀಕ ಉತ್ತಯ್ಯ ಹಣೆ ಉಜ್ಜಿಕೊಂಡರು. ಇಮೇಲಿನಲ್ಲೂ ಹಾಗೇ ಬರುತ್ತಿದ್ದಾಗ ಮ್ಯಾನೇಜರ್ ಕೆಲಸ ತುಳಸಿಗೇ ಕೊಡುವುದೆಂದುಕೊಂಡಿದ್ದರಂತೆ. ನಾಲ್ಕು ತಿಂಗಳಿಂದ ಇಮೇಲಿನಲ್ಲಿ ಹೊಗಳಿಕೆ ನಿಂತೇಹೋಗಿತ್ತು.

ಸಂಜೆ ಅತ್ತೆ ಎಲ್ಲರನ್ನೂ ಅಡುಗೆಮನೆಗೆ ಕರೆದರು. ಅವರು ಹೇಳಿದಂತೆ ಸಂಹಿತಾ ಎರಡು ಇಮೇಲ್ ಕಳಿಸಿದಳು. ಎರಡರಲ್ಲೂ ಬೆಳ್ಳುಳ್ಳಿ ಬೇಡವೆಂದಿತ್ತು. ಒಂದರ ಮೊದಲಿಗೆ ಮಾತ್ರ "ತುಳಸಿ ಅಕ್ಕಾ" ಎಂದಿತ್ತು. ಎರಡಕ್ಕೂ "ತಿಳಿಸಲಾಗಿದೆ" ಎಂಬ ಉತ್ತರ ಬಂತು. ಮುದ್ರಣವಾದದ್ದು ಒಂದೇ ಚೀಟಿ, ಹೆಸರಿಲ್ಲದ್ದು.

"ಯಂತ್ರ ಹೇಳಿದ್ದನ್ನು ಮಾಡ್ತದೆ," ಎಂದರು ಅತ್ತೆ. "ತುಳಸಿ ಹೆಸರಿದ್ದ ಪತ್ರವನ್ನೆಲ್ಲ ಕಸಕ್ಕೆ ಹಾಕು ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಅವಳ ಹೊಗಳಿಕೆಯಿಂದ ಕೆಲಸ ಹೋಗುತ್ತಿದ್ದದ್ದು ಒಬ್ಬನದೇ, ಈ ಆನಂದನದು."

ಉತ್ತಯ್ಯ ಕಂಪ್ಯೂಟರಿನ ಕಸದ ಪೆಟ್ಟಿಗೆ ತೆರೆದರು. ನಾಲ್ಕು ತಿಂಗಳ ಹೊಗಳಿಕೆಯ ನಡುವೆ ಅನುಶ್ರೀಯ ಪತ್ರ. ಹಿಂದಿನ ಸಂಜೆ ಏಳಕ್ಕೆ, ಸಾವಿನ ಬಳಿಕ, ಅದನ್ನು ತೆರೆದು ಓದಿದ ಗುರುತಿತ್ತು.

"ಹೊಗಳಿಕೆ ಮಾತ್ರ ಮುಚ್ಚಿಡೋಣ ಅಂತಿದ್ದೆ," ಎಂದ ಆನಂದ್. "ಸಾಯ್ತಾಳೆ ಅಂತ ನಂಗೇನು ಗೊತ್ತಿತ್ತು?"

"ನಿನ್ನೆ ಏಳಕ್ಕೆ ಗೊತ್ತಾಯ್ತಲ್ಲ. ಆಮೇಲೂ ಇವಳನ್ನೇ ತೋರಿಸಿದೆ," ಎಂದರು ಅತ್ತೆ.

ಪೊಲೀಸ್ ಜೀಪು ಆನಂದನನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಮರೆಯಾಯಿತು. ತೇಜಸ್ ಜಗಲಿಯಲ್ಲೇ ಇದ್ದ. ಒಳಗೆ ಅಕ್ಕಿ ಬೇಯುವ ಸದ್ದು ನಿಂತಿತು. ತುಳಸಿ ಹೊರಬಂದು, ಗಂಜಿಯ ಬಟ್ಟಲನ್ನು ಅವನ ಕೈಗಿತ್ತಳು.