ಹನ್ನೊಂದನೇ ತಿರುವು

ಕಾಂಪೌಂಡರನಿಗೆ ಭಾವನ ಮೇಲೆ ಸಿಟ್ಟು ಬಂದದ್ದು ನಿನ್ನೆ ಮೊನ್ನೆಯಲ್ಲ. ಹೆಂಡತಿಯ ಅಣ್ಣ, ಅದೇ ಸಣ್ಣ ಆಸ್ಪತ್ರೆಯ ವ್ಯಾನ್ ಡ್ರೈವರ್. ಔಷಧಿ ಕೌಂಟರಿನ ಮುಂದೆ ಸಾಲು ನಿಂತ ರೋಗಿಗಳ ಎದುರಿಗೇ "ನಮ್ಮ ಮಾತ್ರೆ ಎಣಿಸೋ ಸಾಹೇಬ್ರು" ಎಂದು ಕರೆಯುತ್ತಿದ್ದ. ಜನ ನಗುತ್ತಿದ್ದರು. ಕಾಂಪೌಂಡರನೂ ಹಲ್ಲು ಕಿರಿಯುತ್ತಿದ್ದ, ಒಳಗೆ ಕುದಿಯುತ್ತಿದ್ದ. ಎಂಟು ವರ್ಷ ಅದನ್ನು ನುಂಗಿಕೊಂಡಿದ್ದ. ಹೋದ ತಿಂಗಳಿನದು ನುಂಗುವಂಥದ್ದಾಗಿರಲಿಲ್ಲ.

ಹೋದ ತಿಂಗಳು ಕಾಂಪೌಂಡರ್ ಅವಸರದಲ್ಲಿ ಒಂದು ಬಾಟಲಿಗೆ ಇನ್ನೊಂದರ ಚೀಟಿ ಅಂಟಿಸಿದ್ದ. ವಾರ್ಡಿನಲ್ಲಿ ಅದನ್ನು ಕುಡಿದ ಮುದುಕಿ ಸತ್ತಳು. ಸುದ್ದಿ ಬಂದ ಕೂಡಲೇ ಚೀಟಿ ಕಿತ್ತು, ಸರಿಯಾದದ್ದನ್ನು ಅಂಟಿಸಿ, ಬಾಟಲಿಯನ್ನು ನರ್ಸಮ್ಮನ ಟ್ರೇಯಲ್ಲಿಟ್ಟ. ಚೀಟಿ ನೋಡದೆ ಬೇರೆ ಔಷಧಿ ಕುಡಿಸಿದ ತಪ್ಪು ನರ್ಸಮ್ಮನ ತಲೆಗೆ ಬಿತ್ತು, ಅವಳು ಅಮಾನತಾದಳು. ಎಲ್ಲ ಸಲೀಸಾಗಿ ಮುಗಿಯುತ್ತಿತ್ತು, ಕಿಟಕಿಯಾಚೆ ವ್ಯಾನ್ ತೊಳೆಯುತ್ತಿದ್ದ ಭಾವ ಅದನ್ನು ಕಣ್ಣಾರೆ ನೋಡದೇ ಇದ್ದಿದ್ದರೆ.

"ವಿಚಾರಣೇಲಿ ನಾನು ಕಂಡಿದ್ದು ಹೇಳ್ತೀನಿ," ಎಂದಿದ್ದ ಭಾವ ಹತ್ತು ದಿನದ ಹಿಂದೆ. "ಅದಕ್ಕೆ ಮುಂಚೆ ನೀನೇ ಒಪ್ಕೊಂಡ್ರೆ ಚೆನ್ನಾಗಿರುತ್ತೆ."

"ನಿನ್ನ ತಂಗಿ ಗತಿ ಏನು?"

"ತಂಗೀನ ನೋಡ್ಕೊಳ್ಳೋಕೆ ನಾನಿದೀನಿ. ಆ ನರ್ಸಮ್ಮಂಗೆ ಯಾರಿದಾರೆ?"

ಅಂದಿನಿಂದ ಕಾಂಪೌಂಡರ್ ಒಂದು ಚಿಲ್ಲರೆ ಸೇಡು ಶುರುಮಾಡಿದ. ಭಾವನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಅವನ ಮಾತ್ರೆಗಳಲ್ಲಿ ಊಟಕ್ಕೆ ಮುಂಚೆ ನುಂಗುವ ಬಿಳಿಯದೊಂದನ್ನು ಮಾತ್ರ "ಸ್ಟಾಕ್ ಇಲ್ಲ" ಎಂದು ತಡೆಹಿಡಿದ. ಡಬ್ಬಿ ಬೆನ್ನ ಹಿಂದೆಯೇ ತುಂಬಿ ಕೂತಿತ್ತು. ಇಲ್ಲ ಎಂದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು.

ಆದರೆ ಆ ಸೇಡು ವಿಚಾರಣೆಯನ್ನು ತಡೆಯಲಾರದು. ವಿಚಾರಣೆ ನಾಳೆ; ಉಳಿದದ್ದು ಇವತ್ತಿನ ಒಂದೇ ದಿನ.

ಯೋಜನೆ ನೀರಿನಷ್ಟು ತಿಳಿಯಾಗಿತ್ತು. ಭಾವ ದಿನಾ ಒಂದೂವರೆಗೆ ಊಟ ಮಾಡಿ, ಸಕ್ಕರೆಯಿಲ್ಲದ ಕಡುಗಪ್ಪು ಕಾಫಿ ಕುಡಿದು, ಬೆಟ್ಟದ ರಸ್ತೆ ದಾಟಿ ಆಮ್ಲಜನಕದ ಸಿಲಿಂಡರ್ ತರಲು ಒಬ್ಬನೇ ಹೋಗುತ್ತಿದ್ದ. ಅರ್ಧ ಗಂಟೆಗೆ ಸರಿಯಾಗಿ ಹನ್ನೊಂದನೇ ತಿರುವು ಸಿಗುತ್ತದೆ. ಅಲ್ಲಿ ತಡೆಗೋಡೆ ಕುಸಿದು ವರ್ಷವಾಗಿತ್ತು. ಕಾಫಿಯ ಕಹಿಯಲ್ಲಿ ನಿದ್ದೆಮದ್ದಿನ ಕಹಿ ಯಾರಿಗೆ ಗೊತ್ತಾಗಬೇಕು? ಮದ್ದನ್ನೂ ಅವಧಿ ಮುಗಿದು ಸುಡಲು ಇಟ್ಟ ಪೆಟ್ಟಿಗೆಯಿಂದಲೇ ತೆಗೆದಿದ್ದ. ಸುಡುವ ಪೆಟ್ಟಿಗೆಯನ್ನು ಯಾರೂ ಎಣಿಸುವುದಿಲ್ಲ.

ಆಮೇಲಿನದು ಅವನಿಗೆ ಬಾಯಿಪಾಠ. ಮೊದಲು ಮಿದುಳಿನಲ್ಲಿ ಎಚ್ಚರಿಕೆಯ ಭಾಗ ಮಂಕಾಗುತ್ತದೆ; ನಿದ್ದೆ ಬರುತ್ತಿದೆ ಎಂಬುದೇ ಮನುಷ್ಯನಿಗೆ ತಿಳಿಯುವುದಿಲ್ಲ. ನಾಲಿಗೆ ದಪ್ಪವಾಗುತ್ತದೆ, ರೆಪ್ಪೆ ಭಾರವಾಗುತ್ತದೆ, ಕೈಕಾಲು ಸಡಿಲವಾಗುತ್ತವೆ. ಕೊನೆಗೆ ಕರುಳೂ ಅಲುಗಾಡುವುದನ್ನು ಬಿಟ್ಟು ಮಲಗಿಬಿಡುತ್ತದೆ. ಉಂಡು ಗಾಡಿ ಓಡಿಸುವಾಗ ತೂಕಡಿಸಿದ ಎಂದರೆ ಊರೆಲ್ಲ ನಂಬುತ್ತದೆ. ಆ ಹೊತ್ತಿಗೆ ತಾನು ಕೌಂಟರಿನಲ್ಲಿ ನಲವತ್ತು ಜನರ ಕಣ್ಣೆದುರಿಗೆ ಇರುತ್ತೇನೆ ಎಂದುಕೊಂಡ.

ಕಾಂಪೌಂಡರ್ ಕೈಯಾರೆ ಕಾಫಿ ತಂದುಕೊಟ್ಟ. ಭಾವ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ. "ನಿನ್ನ ಕೈಯಲ್ಲಿ ಕಾಫಿಯೂ ಕಷಾಯ ಆಗುತ್ತಲ್ಲೋ," ಎಂದು ಬಾಯಿ ಒರೆಸಿಕೊಂಡು ಹೊರಟ.

ಕಾಂಪೌಂಡರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡೂಕಾಲಾಯಿತು. ಒಬ್ಬ ಅಜ್ಜನಿಗೆ ಹತ್ತರ ಬದಲು ಹದಿನಾಲ್ಕು ಮಾತ್ರೆ ಕೊಟ್ಟು, ಮತ್ತೆ ಕರೆದು ನಾಲ್ಕು ಕಿತ್ತುಕೊಂಡ. "ಕೊಟ್ಟಿದ್ದೂ ನೀನೇ, ಕಿತ್ಕೊಳ್ಳೋದೂ ನೀನೇ," ಎಂದು ಅಜ್ಜ ಗೊಣಗಿದ. ಫೋನ್ ಬಡಿದುಕೊಂಡಾಗಲೆಲ್ಲ ಎಲ್ಲರಿಗಿಂತ ಮೊದಲು ತಾನೇ ಎತ್ತುತ್ತಿದ್ದ. ಒಂದರಲ್ಲೂ ಆ ಸುದ್ದಿಯಿಲ್ಲ. ಮೂರೂವರೆ. ಕಾಲು ತಾನಾಗಿ ಬಾಗಿಲಿಗೆ ಹೋಗಿ ಬರುತ್ತಿತ್ತು.

ನಾಲ್ಕಕ್ಕೆ ವ್ಯಾನು ಬಂತು. ಭಾವ ಇಳಿದು, ಸಿಳ್ಳೆ ಹಾಕುತ್ತ ಸಿಲಿಂಡರ್ ಉರುಳಿಸಿದ.

ಕಾಂಪೌಂಡರನ ರಕ್ತ ಕುದಿಯಿತು, ಭಾವನ ಮೇಲಲ್ಲ, ಆ ಪೆಟ್ಟಿಗೆಯ ಮೇಲೆ. ಅವಧಿ ಮುಗಿದ ಮದ್ದು! ಬರಿ ಸುಣ್ಣದ ಪುಡಿ ಕಲಸಿಕೊಟ್ಟಂತಾಯಿತು. ಕುಡಿದು ಎರಡು ಗಂಟೆಯ ಮೇಲಾಯಿತು. ಇಷ್ಟರಲ್ಲಿ ಹತ್ತದಿದ್ದದ್ದು ಇನ್ನು ಹತ್ತುವುದಿಲ್ಲ. ರಾತ್ರಿಯೊಳಗೆ ಬೇರೆ ದಾರಿ ಹುಡುಕಬೇಕು.

ಐದಕ್ಕೆ ಬೆಟ್ಟದಾಚೆಯ ಕಲ್ಲುಗಣಿಯಿಂದ ಫೋನ್ ಬಂತು. ಕೂಲಿಯೊಬ್ಬನ ಕಾಲು ಮುರಿದಿದೆ, ವ್ಯಾನ್ ಕಳಿಸಿ. ಇಂಥದ್ದಕ್ಕೆ ಜೊತೆಯಲ್ಲಿ ಹೋಗುವವಳು ನರ್ಸಮ್ಮ. ಅವಳು ಅಮಾನತಿನಲ್ಲಿದ್ದಳು. ಡಾಕ್ಟರು ತಲೆಯೆತ್ತದೆ, "ಕಾಂಪೌಂಡರ್, ನೀವೇ ಹೋಗಿ," ಎಂದರು.

ಹತ್ತಿ ಕೂತ. ಅದೂ ಒಳ್ಳೆಯದೇ ಅನ್ನಿಸಿತು. ದಾರಿಯುದ್ದಕ್ಕೂ ಹೊಸ ಲೆಕ್ಕ ಹಾಕಬಹುದು. ಒಂದು, ಎರಡು, ಮೂರು ಎಂದು ತಿರುವುಗಳು ಹಿಂದೆ ಸರಿದವು. ಇನ್ಸುಲಿನ್ನೇ ಸರಿ ಎಂದು ಮನಸ್ಸು ಗಟ್ಟಿಯಾಗುವಷ್ಟರಲ್ಲಿ ಒಂಬತ್ತು ದಾಟಿತ್ತು.

ಹತ್ತನೆಯದರಲ್ಲಿ ಭಾವ ಬಾಯಿ ಅಗಲಿಸಿ ಆಕಳಿಸಿದ. "ಮಧ್ಯಾಹ್ನ ಉಂಡಿದ್ದು, ಕುಡಿದಿದ್ದು ಇಷ್ಟೊತ್ತೂ ಕಲ್ಲಿನ ಹಾಗೆ ಇಲ್ಲೇ ಕೂತಿತ್ತು ಕಣೋ," ಎಂದು ಹೊಟ್ಟೆ ಸವರಿಕೊಂಡ. ನಾಲಿಗೆ ದಪ್ಪವಾಗಿತ್ತು. "ಈಗ ಇಳೀತಾ ಇದೆ. ಆ ಬಿಳಿ ಮಾತ್ರೆ ನೀನು ಕೊಡದೇ ಇದ್ದಾಗಿಂದ ದಿನಾ ಹೀಗೇ, ಸಂಜೆಗೇ ಕರಗೋದು." ಕಾಂಪೌಂಡರನಿಗೆ ಆಗ ಹೊಳೆಯಿತು. ಸಕ್ಕರೆ ಕಾಯಿಲೆಯಿಂದ ಸೋಮಾರಿಯಾದ ಜಠರದಿಂದ ಉಂಡದ್ದನ್ನು ಕರುಳಿಗೆ ನೂಕುವ ಮಾತ್ರೆ ಅದು. ಕರುಳಿಗೆ ಇಳಿಯದೆ ಯಾವ ಮದ್ದೂ ಮಿದುಳಿಗೆ ಏರುವುದಿಲ್ಲ. "ಗಾಡಿ ನಿಲ್ಲಿಸು," ಎಂದ. "ಯಾಕೆ?" ಎಂದ ಭಾವ, ಅರ್ಧ ಮುಚ್ಚಿದ ಕಣ್ಣಲ್ಲಿ. ಹೇಳುವುದಕ್ಕೆ ಇದ್ದದ್ದು ಒಂದೇ ಕಾರಣ. ಅದು ಬಾಯಿಗೆ ಬರುವ ಮುಂಚೆ ಭಾವನ ಗದ್ದ ಎದೆಗೆ ಒರಗಿತು, ಎದುರಿಗೆ ಗೋಡೆಯಿಲ್ಲದ ತಿರುವು ತೆರೆದುಕೊಂಡಿತು. ಆಸ್ಪತ್ರೆಯ ಕಪಾಟಿನಲ್ಲಿ ಬಿಳಿ ಮಾತ್ರೆಯ ಡಬ್ಬಿ ತುಂಬಿಯೇ ಇತ್ತು.