ಕೊಕ್ಕರೆ ಮೂಳೆಯ ಎಂಟನೆಯ ತೂತು

"ಊದೋದಾದ್ರೆ ಊದು. ಲೋಹ ಮಾತ್ರ ಮುಟ್ಟಿಸಬೇಡ."

ಸಾಂಗಜ್ಜಿ ಹೀಗೆಂದಾಗ ಫಾನ್ ಹೆಂಗ್ ನಕ್ಕ. ಬಾಯ್ತುಂಬ ನಗಲಿಲ್ಲ. ಅಷ್ಟು ನಗೆಗೂ ಈ ಮುದುಕಿ ಯೋಗ್ಯಳಲ್ಲ ಎಂಬಂತೆ ಮೂಗಿನಿಂದ ಉಸಿರು ಬಿಟ್ಟು, ಅವಳ ಮಡಿಲಲ್ಲಿದ್ದ ಕೊಳಲನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ, ಎತ್ತಿಕೊಂಡ.

ಕೊಕ್ಕರೆಯ ರೆಕ್ಕೆಯ ಮೂಳೆ ಅದು. ಕಾಲದ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಮೈಮೇಲೆ ಏಳು ತೂತು. ಲೋಹ ಎಂಬುದನ್ನು ಮನುಷ್ಯರು ಕಾಣುವುದಕ್ಕೂ ಮೊದಲು ಯಾರೋ ಕಲ್ಲಿನ ಮೊನೆಯಿಂದ ಕೊರೆದ ತೂತುಗಳು. ಮಿಯಾನ್ ಸಂಸ್ಥಾನದಲ್ಲಿ ಹಿರಿಯರ ಪೂಜೆ ಆರಂಭವಾಗುತ್ತಿದ್ದುದು ಇದರ ದನಿಯಿಂದಲೇ. ಕಂಚಿನ ಗಂಟೆಗಳಾಗಲಿ ಬಡಿದು ನುಡಿಸುವ ಕಲ್ಲಿನ ಫಲಕಗಳಾಗಲಿ ಇದು ಮುಗಿಯುವ ತನಕ ಬಾಯಿ ಬಿಡುವಂತಿರಲಿಲ್ಲ.

ಫಾನ್ ಹೆಂಗ್ ಝೌ ಚಕ್ರವರ್ತಿಯ ಆಸ್ಥಾನದಿಂದ ಬಂದವನು. ಹಾಗೆಂದು ತಾನೇ ಊರೆಲ್ಲ ಹೇಳಿಕೊಂಡಿದ್ದ. ಚಕ್ರವರ್ತಿಯ ಉಗ್ರಾಣದಲ್ಲಿ ನವಣೆ ಮುಗಿದು, ಆಸ್ಥಾನದ ಸಂಗೀತಗಾರರು ಒಬ್ಬೊಬ್ಬರಾಗಿ ಸಿಕ್ಕ ಸಿಕ್ಕ ಸಂಸ್ಥಾನಗಳಿಗೆ ಕಾಲು ಕೀಳುತ್ತಿದ್ದ ಕಾಲ ಅದು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹಾನ್ ನದಿಯ ಕೆಸರು ದಾಟಿ ಬಂದವನನ್ನು ಮಿಯಾನಿನ ದೊರೆ ಗಂಟೆಮನೆಯ, ಎಂದರೆ ಪೂಜೆಯ ವಾದ್ಯಮೇಳದ, ಯಜಮಾನನನ್ನಾಗಿ ಮಾಡಿದ. ಬಂದವನು ರೇಷ್ಮೆ ಚೀಲದಿಂದ ಸ್ವರ ಅಳೆಯುವ ಬಿದಿರಿನ ಕೊಳವೆಗಳನ್ನು ತೆಗೆದು ಸಾಲಾಗಿ ಜೋಡಿಸಿದ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದರ ಹೆಸರು ಹಳದಿ ಗಂಟೆ. ಲೋಕದ ಸ್ವರಗಳೆಲ್ಲ ಅದರ ಹೊಟ್ಟೆಯಿಂದ ಹುಟ್ಟಿದವು, ಉಳಿದದ್ದೆಲ್ಲ ದನದ ಕೂಗು ಎಂಬುದು ಅವನ ಮತ.

ಆ ಮತದ ಪ್ರಕಾರ ಅವನು ಮಿಯಾನಿನ ಗಂಟೆಗಳ ಒಳಅಂಚನ್ನು ಅರದಿಂದ ಉಜ್ಜಿಸಿದ. ಕಲ್ಲಿನ ಫಲಕಗಳನ್ನು ಮರಳಲ್ಲಿ ತಿಕ್ಕಿಸಿದ. ಮೊಸಳೆ ಚರ್ಮದ ನಗಾರಿ ಕಪ್ಪೆಯ ಹಾಗೆ ವಟಗುಟ್ಟುತ್ತದೆ ಎಂದು ಚರ್ಮ ಕೀಳಿಸಿದ. ವಾದಕರ ಅನ್ನದ ವಾಸನೆಯಿಂದಲೇ ಅವರ ಸ್ವರ ಕೆಟ್ಟಿದೆ, ಅಕ್ಕಿ ತಿನ್ನುವವರ ಗಂಟಲಲ್ಲಿ ಯಾವಾಗಲೂ ಕೆಸರಿರುತ್ತದೆ ಎಂದು ಅವರ ಮುಖಕ್ಕೇ ಹೇಳಿದ. ಯಾರೂ ಎದುರಾಡಲಿಲ್ಲ. ಅವನು ಅದನ್ನೂ ಗೆಲುವೆಂದೇ ತಿಳಿದ.

ಉಳಿದದ್ದು ಈ ಮೂಳೆ. ಶರತ್ಕಾಲದ ಪೂಜೆಗೆ ಚೂ ದೇಶದ ರಾಯಭಾರಿ ಬರುವವನಿದ್ದ. ದೊಡ್ಡ ರಾಜ್ಯ, ದೊಡ್ಡ ಕಿವಿ. ಇದರ ಮೂರನೆಯ ಸ್ವರವೋ ಫಾನ್ ಹೆಂಗನ ಕೊಳವೆಗಿಂತ ಕೂದಲೆಳೆಯಷ್ಟು ತಗ್ಗು. ಪಕ್ಕದಲ್ಲೊಂದು ಸಣ್ಣ ತೂತು ಕೊರೆದರೆ ಸರಿಹೋದೀತು ಎಂದುಕೊಂಡ.

ಸಾಂಗಜ್ಜಿ ಹಿರಿಯರ ಗುಡಿಯ ಮಾಟಗಾತಿ. ದೆವ್ವ ಇಳಿಸುವುದು, ಮಳೆ ಕರೆಯುವುದು, ಸತ್ತವರ ಜೊತೆ ಮಾತಾಡುವುದು ಎಲ್ಲ ಅವಳದೇ. ಹುಳಿ ಪ್ಲಮ್ಮಿನ ಬೀಜ ಚೀಪುತ್ತ ಅವಳು ಇನ್ನೊಂದು ಮಾತು ಸೇರಿಸಿದಳು. ಹಾರುತ್ತಲೇ ಸತ್ತು ಬಿದ್ದ ಹಕ್ಕಿಯಿಂದ ಬೇಡಿ ತಂದ ಮೂಳೆ ಅದು, ಇನ್ನು ಮೇಲೆ ನಿನಗೆ ಯಾರೂ ನೋವು ಮಾಡುವುದಿಲ್ಲ ಎಂದು ಭಾಷೆ ಕೊಟ್ಟು ತಂದದ್ದು.

"ಮಾಡಿದರೆ?" ಎಂದ ಫಾನ್ ಹೆಂಗ್.

"ಮಾಡಿದೋರು ತಮ್ಮದನ್ನ ಕೊಡಬೇಕಾಗ್ತದೆ."

"ತಮ್ಮದು ಏನನ್ನ?"

ಅಜ್ಜಿ ಬೀಜವನ್ನು ಅಂಗೈಗೆ ಉಗುಳಿದಳು. "ಮೂಳೆನ."

ಅವನು ಅಲ್ಲೇ, ಅವಳ ಎದುರಿಗೇ, ಕಂಚಿನ ಬೈರಿಗೆಯನ್ನು ತರಿಸಿ ಕೊರೆದ. ಮೂಳೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಿಂದ ತಿರುವಿದ. ಕೂದಲು ಸುಟ್ಟ ವಾಸನೆ ಎದ್ದಿತು. ಇಷ್ಟು ಹಳೆಯ ಮೂಳೆಯಿಂದ ಒಣ ಪುಡಿ ಉದುರಬೇಕಿತ್ತು. ಉದುರಿದ್ದು ಒದ್ದೆಯಾಗಿತ್ತು, ಬೆರಳಿಗೆ ಅಂಟುತ್ತಿತ್ತು. ಅವನ ಹಣೆಯ ಬೆವರು ಅದರ ಮೇಲೆ ತೊಟ್ಟಿಕ್ಕಿತು. ಬೈರಿಗೆ ಒಳಗಿನ ಟೊಳ್ಳಿಗೆ ಇಳಿದ ಕ್ಷಣ ಎಡ ಮುಂಗೈಯಲ್ಲಿ ಸೊಳ್ಳೆ ಕಚ್ಚಿದಂತಾಯಿತು. ಕೆರೆದುಕೊಂಡ. ಆಮೇಲೆ ಊದಿ ನೋಡಿದ. ಮೂರನೆಯ ಸ್ವರ ಅವನ ಕೊಳವೆಗೆ ಸರಿಯಾಗಿ ಕೂತಿತ್ತು.

"ನೋಡಿದೆಯಾ ಮುದುಕಿ. ನಿನ್ನ ಹಕ್ಕಿಗೆ ಈಗ ಹಾಡೋಕೆ ಬಂತು" ಎಂದು ಕೊಳಲನ್ನು ಅವಳ ಮಡಿಲಿಗೆ ಎಸೆದು ಹೋದ.

ಪೂಜೆಯ ದಿನ ಅದನ್ನು ಊದಬೇಕಾದವಳು ರುವಾನ್. ಸೋರೆಬುರುಡೆಗೆ ಬಿದಿರ ಕೊಳವೆಗಳನ್ನು ನಾಟಿದ ಶೆಂಗ್ ವಾದ್ಯ ನುಡಿಸುವವಳು, ಮೂಳೆಯ ಕೊಳಲೂ ಅವಳ ಪಾಲಿನದೇ. ಕೊರೆದ ಸಂಗತಿ ಕೇಳಿದವಳು ತಾನು ಅದನ್ನು ಬಾಯಿಗಿಡುವುದಿಲ್ಲ ಎಂದಳು. ಫಾನ್ ಹೆಂಗ್ ವಾದ ಮಾಡಲಿಲ್ಲ. ಅವಳ ಶೆಂಗನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ತರಕಾರಿಯಲ್ಲಿ ಸಂಗೀತ ಮಾಡುವ ಜನ ಎಂದು ಗೊಣಗಿ, ನೆಲಕ್ಕಿಟ್ಟು ಹಿಮ್ಮಡಿಯಿಂದ ಒತ್ತಿದ. ಬುರುಡೆ ಮೊಟ್ಟೆಯಂತೆ ಒಡೆಯಿತು. ಅದು ಅವಳ ತಾಯಿ ಕಟ್ಟಿದ ವಾದ್ಯ. ತಾಯಿಯ ಉಸಿರಿನ ತೇವಕ್ಕೆ ಒಳಮೈ ಕಪ್ಪಾಗಿತ್ತು.

"ನಾಳಿದ್ದು ಊದ್ತೀಯ. ಇಲ್ದಿದ್ರೆ ಮುಂದಿನ ಸಲ ಹಿಮ್ಮಡಿ ಕೆಳಗೆ ನಿನ್ನ ಬೆರಳಿರ್ತವೆ" ಎಂದ.

ರುವಾನ್ ಅಳಲಿಲ್ಲ. ಚೂರುಗಳ ನಡುವಿನಿಂದ ಕೊಳವೆಗಳಿಗೆ ದನಿ ಕೊಡುವ ತೆಳ್ಳನೆಯ ನಾಲಗೆಗಳನ್ನು ಹೆಕ್ಕಿ ಸೆರಗಲ್ಲಿ ಕಟ್ಟಿಕೊಂಡು ಸಾಂಗಜ್ಜಿಯ ಬಳಿ ಹೋದಳು. ಅವನಿಗೆ ಏನಾದರೂ ಮಾಡು, ಅವನ ಕೂದಲು ಬೇಕೋ ಉಗುರು ಬೇಕೋ ತಂದುಕೊಡುತ್ತೇನೆ ಎಂದಳು.

"ಏನೂ ಬೇಡ ಮಗಳೇ. ತನ್ನ ಬೆವರು ತಾನೇ ಸುರಿದು ಹೋಗಿದ್ದಾನೆ. ಅಷ್ಟೂ ಬುದ್ಧಿ ಇಲ್ಲ ಅವನಿಗೆ."

ಅಜ್ಜಿ ಕೊಳಲನ್ನು ಮೊಣಕಾಲ ಮೇಲಿಟ್ಟುಕೊಂಡಳು. ಮಾಚಿಪತ್ರೆ ಸುಟ್ಟ ಬೂದಿಯನ್ನು ಕೋಳಿಯ ರಕ್ತದಲ್ಲಿ ಕಲಸಿ ಹೊಸ ತೂತಿನ ಸುತ್ತ ಬಳಿದಳು. ಆಮೇಲೆ ತುಟಿಯನ್ನು ಅದಕ್ಕೆ ತಾಗಿಸಿ ಒಂದು ಹೆಸರನ್ನು ಒಳಕ್ಕೆ ಉಸುರಿದಳು. ಹೆಸರು ಒಳಗೆ ಹೋಯಿತು. ಕೊಳಲಿನ ಇನ್ನೊಂದು ತುದಿಯಿಂದ ಹೊರಗೆ ಬರಲಿಲ್ಲ.

"ನೀನು ಹೆದರದೆ ಊದು. ಉತ್ತರ ಹೇಳಬೇಕಾದೋನು ತೂತು ಕೊರೆದೋನು" ಎಂದಳು ಅಜ್ಜಿ.

ಪೂಜೆಯ ಬೆಳಗ್ಗೆ ನದಿಯ ಮಂಜು ಗುಡಿಯ ಹೊಸ್ತಿಲವರೆಗೂ ಬಂದಿತ್ತು. ಹಿರಿಯರ ಮಂಟಪಕ್ಕೆ ಕಿಟಕಿಗಳಿಲ್ಲ. ಹೊರಗೆ ಹಗಲು, ಒಳಗೆ ಕತ್ತಲು. ಎತ್ತಿನ ಕೊಬ್ಬಿನ ದೀಪಗಳು ಚಿಟಪಟ ಎನ್ನುತ್ತಿದ್ದವು. ಆಗಷ್ಟೇ ಕಡಿದ ಬಲಿಯ ಬಿಸಿ ವಾಸನೆ, ಅದರ ಮೇಲೆ ನವಣೆ ಮದ್ಯದ ಹುಳಿ, ಅದರ ಮೇಲೆ ಹೊಸ ಅರಗಿನ ಘಾಟು. ಸಾಲುಗಟ್ಟಿ ತೂಗಿದ ಕಂಚಿನ ಗಂಟೆಗಳು ಕತ್ತಲಲ್ಲಿ ಉಸಿರು ಹಿಡಿದು ನಿಂತ ಜನರಂತೆ ಕಾಣುತ್ತಿದ್ದವು. ದೊರೆ ಚಾಪೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಚೂ ರಾಯಭಾರಿ, ಈ ಪುಟ್ಟ ಊರಲ್ಲಿ ತನ್ನ ಒಂದು ಬೆಳಗು ಹಾಳಾಯಿತು ಎಂದು ಆಗಲೇ ಆಕಳಿಸುತ್ತಿದ್ದ. ಫಾನ್ ಹೆಂಗ್ ಅಗಲ ತೋಳಿನ ನಿಲುವಂಗಿಯಲ್ಲಿ ಗಂಟೆಗಳ ಚೌಕಟ್ಟಿನ ಪಕ್ಕ ನಿಂತು ತಲೆಯಾಡಿಸಿದ.

ರುವಾನ್ ಊದಿದಳು.

ಮೊದಲ ಸ್ವರ. ಫಾನ್ ಹೆಂಗನ ಎಡ ಮಣಿಕಟ್ಟಿನ ಮೇಲೆ ಸೂಜಿ ಚುಚ್ಚಿದಂತಾಯಿತು. ಅವನು ಕದಲಲಿಲ್ಲ. ಎರಡನೆಯ ಸ್ವರ. ಅದರ ಪಕ್ಕದಲ್ಲೇ ಇನ್ನೊಂದು ಚುಚ್ಚು, ಆಳಕ್ಕೆ, ಮೂಳೆಯವರೆಗೆ. ಅವನು ತೋಳನ್ನು ಮೆಲ್ಲನೆ ಸರಿಸಿ ನೋಡಿದ. ಚರ್ಮದ ಮೇಲೆ ದುಂಡನೆಯ ಎರಡು ತೂತು. ಅಂಚು ನಯವಾಗಿತ್ತು. ರಕ್ತ ಬರುತ್ತಿರಲಿಲ್ಲ. ತಣ್ಣನೆಯ ಗಾಳಿ ಬರುತ್ತಿತ್ತು.

ಅವನು ಉಸಿರು ಬಿಟ್ಟ. ತೋಳು ಸಿಳ್ಳು ಹಾಕಿತು.

ಮೂರನೆಯದು ತೆರೆಯಿತು. ಅದರ ಪಕ್ಕದ ಪುಟ್ಟ ತೂತೂ ತೆರೆಯಿತು, ತಾನು ಕೊರೆದದ್ದು ಎಲ್ಲಿತ್ತೋ ಸರಿಯಾಗಿ ಅಲ್ಲೇ. ನಾಲ್ಕು. ಐದು. ಮೊಣಕೈಯತ್ತ ಏರುತ್ತಿತ್ತು. ಉಸಿರು ಹಿಡಿದ. ಎಷ್ಟು ಹೊತ್ತು ಹಿಡಿದಾನು. ಎದೆ ಬಿರಿಯಿತು. ಬಿಟ್ಟ. ಆರು. ಏಳು. ಮಂಟಪದಲ್ಲಿ ಈಗ ಎರಡು ಕೊಳಲು ನುಡಿಯುತ್ತಿದ್ದವು.

ಬಲಗೈಯಿಂದ ತೂತುಗಳನ್ನು ಅದುಮಿದ. ಒಂದು ಕೈ, ಐದು ಬೆರಳು. ಮುಚ್ಚಿದ ಕಡೆ ದನಿ ನಿಂತಿತು, ಉಳಿದ ಕಡೆಯಿಂದ ಬೇರೆ ಸ್ವರವಾಗಿ ಹೊರಟಿತು. ಬೆರಳು ಸರಿಸಿದ. ಸ್ವರ ಬದಲಾಯಿತು. ಮತ್ತೆ ಸರಿಸಿದ. ಮತ್ತೆ ಬದಲಾಯಿತು. ದನಿ ಅಡಗಿಸಲು ಅವನು ಒದ್ದಾಡಿದಷ್ಟೂ ರಾಗ ಬೆಳೆಯುತ್ತಿತ್ತು. ಅವನು ತನ್ನ ತೋಳನ್ನೇ ನುಡಿಸುತ್ತಿದ್ದ. ಒಂದೊಂದು ಸ್ವರವೂ ಅಚ್ಚುಕಟ್ಟು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಚೂ ರಾಯಭಾರಿ ಆಕಳಿಕೆ ನಿಲ್ಲಿಸಿ ಮುಂದಕ್ಕೆ ಬಾಗಿದ. ಈ ಕೆಸರಿನಲ್ಲಿ ಇಂಥ ಶುದ್ಧ ಸ್ವರ ಕೇಳುತ್ತೇನೆ ಅಂದುಕೊಂಡಿರಲಿಲ್ಲ ಎಂದು ದೊರೆಗೆ ಹೇಳಿದ. ದೊರೆ ಹಿಗ್ಗಿದ.

ರುವಾನ್ ರಾಗ ಮುಗಿಸಿ ಕೊಳಲನ್ನು ತುಟಿಯಿಂದ ಇಳಿಸಿದಳು. ಫಾನ್ ಹೆಂಗ್ ಅವಳತ್ತ ನೋಡಿದ, ಇನ್ನು ನಿಲ್ಲುತ್ತದೆ ಎಂದು. ನಿಲ್ಲಲಿಲ್ಲ. ಮೂಗಿನಿಂದ ಒಳಗೆಳೆದದ್ದಕ್ಕಿಂತ ಹೆಚ್ಚು ತೋಳಿನಿಂದ ಹೊರಗೆ ಹೋಗುತ್ತಿತ್ತು. ಎದೆ ಕುಸಿಯುತ್ತಿತ್ತು. ಕಣ್ಣ ಮುಂದೆ ದೀಪಗಳು ಕುಗ್ಗಿದವು. ಮೊಣಕಾಲು ನೆಲಕ್ಕೆ ಬಿತ್ತು. ಗಂಟೆಯೊಂದಕ್ಕೆ ತಲೆ ತಾಗಿ ಕಂಚು ಗುಂಯ್‌ಗುಟ್ಟಿತು. ಬಲಿ ಕಡಿಯುವವನು ಎರಡು ಹೆಜ್ಜೆ ಆಚೆ ಕೊಡಲಿ ಒರೆಸುತ್ತ ನಿಂತಿದ್ದ. ಫಾನ್ ಹೆಂಗ್ ಅವನತ್ತ ತೆವಳಿದ. ಬಲಿಯ ಹಲಗೆಯ ಮೇಲೆ, ಎತ್ತಿನ ರಕ್ತದಲ್ಲಿ, ತನ್ನ ಎಡ ತೋಳನ್ನು ಚಾಚಿದ.

"ಕಡಿಯಪ್ಪ" ಎಂದ. ಮಾತು ಅರ್ಧ ಬಾಯಿಂದ ಬಂತು, ಅರ್ಧ ತೋಳಿನಿಂದ.

ಕಡಿಯುವವನು ದೊರೆಯ ಮುಖ ನೋಡಿದ. ದೊರೆಗೆ ಚಾಪೆ ಕೊಳೆಯಾಗುವ ಚಿಂತೆ. ಬೇಗ ಮುಗಿಸು ಎಂಬಂತೆ ಗದ್ದ ಎತ್ತಿದ.

ಕೊಡಲಿ ಬಿತ್ತು. ದನಿ ನಿಂತಿತು. ಹಲಗೆಯ ಮೇಲೆ ಬಿದ್ದ ತೋಳು ಸಣ್ಣಗೆ ನಿಟ್ಟುಸಿರು ಬಿಟ್ಟಿತು, ಅಷ್ಟೆ. ಗಾಯಕ್ಕೆ ಕಾದ ಕಂಚು ಒತ್ತಿದರು. ಗಂಟೆಗಳು ಶುರುವಾದವು. ಇದೂ ಈ ಊರಿನ ಪೂಜೆಯ ಒಂದು ಪದ್ಧತಿ ಇರಬೇಕು ಎಂದುಕೊಂಡ ರಾಯಭಾರಿ ಗೌರವದಿಂದ ತಲೆ ಬಾಗಿಸಿದ.

ಫಾನ್ ಹೆಂಗ್ ಸಾಯಲಿಲ್ಲ. ಜ್ವರ ಇಳಿದ ಮೇಲೆ ಅವನನ್ನು ಉತ್ತರಕ್ಕೆ ಹೋಗುವ ದೋಣಿಯಲ್ಲಿ ಕೂರಿಸಿದರು. ಅಂಗ ಕಳೆದುಕೊಂಡವನು ಹಿರಿಯರ ಮಂಟಪದಲ್ಲಿ ನಿಲ್ಲುವಂತಿಲ್ಲ. ಅವನನ್ನು ಇಟ್ಟುಕೊಂಡು ದೊರೆಗೆ ಆಗಬೇಕಾದದ್ದೇನೂ ಇರಲಿಲ್ಲ. ಬೀಳ್ಕೊಡಲು ಯಾರೂ ಬರಲಿಲ್ಲ. ಆದರೆ ದಂಡೆಯ ಮೇಲೆ ಸಾಂಗಜ್ಜಿ ಮತ್ತು ರುವಾನ್ ಹೊಸ ಸೋರೆಕಾಯಿಗಳನ್ನು ತೊಳೆಯುತ್ತ ಕೂತಿದ್ದರು. ಅವನು ದೋಣಿಯಿಂದಲೇ ಅಜ್ಜಿಯನ್ನು ಕೂಗಿದ. ಮೊದಲ ಬಾರಿ ಅವಳನ್ನು ತಾಯಿ ಎಂದು ಕರೆದ.

"ತಾಯಿ, ಎಲ್ಲ ಮುಗೀತಲ್ವಾ?"

"ಒಂದು ಮುಗೀತು" ಎಂದಳು ಅವಳು, ತಲೆ ಎತ್ತದೆ.

"ಒಂದು ಅಂದ್ರೆ?"

"ಕೊಕ್ಕರೆಗೆ ರೆಕ್ಕೆ ಎಷ್ಟು?"

ಅವಳು ಕೈ ಒರೆಸಿಕೊಂಡು, ಪಕ್ಕದ ಜೊಂಡಿನ ಬುಟ್ಟಿಯಿಂದ ಬಟ್ಟೆ ಸುತ್ತಿದ್ದ ಒಂದನ್ನು ತೆಗೆದಳು. ಅದೇ ಜೇನಿನ ಬಣ್ಣ, ಅದೇ ಉದ್ದ, ಇನ್ನೊಂದು ರೆಕ್ಕೆಯದು. ಯಾವ ಬೈರಿಗೆಯೂ ಅದನ್ನು ಮುಟ್ಟಿರಲಿಲ್ಲ. ಆದರೂ ಅದರ ಮೈಮೇಲೆ ಎಂಟು ತೂತುಗಳಿದ್ದವು. ಎಂಟನೆಯದರ ಅಂಚು ಹೊಸದಾಗಿ, ಬಿಳಿಯಾಗಿ ಹೊಳೆಯುತ್ತಿತ್ತು. ಅಜ್ಜಿ ಅದನ್ನು ರುವಾನಳ ಕೈಗಿಟ್ಟಳು.

ರುವಾನ್ ತಿರುಗಿಸಿ ನೋಡಿದಳು. ಒಂದು ತುದಿಯನ್ನು ತುಟಿಯ ಹತ್ತಿರ ತಂದಳು. ಫಾನ್ ಹೆಂಗ್ ದೋಣಿಯ ತಳದಲ್ಲಿ ಮಂಡಿಯೂರಿ, ಉಳಿದ ತೋಳನ್ನು ಹೊಟ್ಟೆಗೆ ಅವುಚಿಕೊಂಡ. ದೋಣಿಯವನು ಮುಖ ತಿರುಗಿಸಿಕೊಂಡ. ರುವಾನ್ ಅವನನ್ನು ನೆತ್ತಿಯಿಂದ ಕೆಳಗಿನವರೆಗೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ಇವನಿಗೋಸ್ಕರ ನನ್ನ ಉಸಿರು ದಂಡ ಮಾಡ್ಕೊಳ್ಳೋದಾ ಅಜ್ಜಿ" ಎಂದಳು. "ಬಿಸಿಲು ಹೋಗ್ತಿದೆ. ಕಾಯಿ ಒಣಗಿಸೋಣ ಬಾ."

ದೋಣಿ ನೀರಿಗೆ ಸರಿಯಿತು.

ಫಾನ್ ಹೆಂಗ್ ಝೌ ರಾಜಧಾನಿಯ ಹೊರಬಾಗಿಲಲ್ಲಿ ಕಾವಲುಗಾರನಾಗಿ ಬಹಳ ಕಾಲ ಬದುಕಿದ. ಸಂಗೀತ ಕೇಳಿಬಂದರೆ ದೂರ ಓಡಿಹೋಗುತ್ತಿದ್ದ. ಗಾಳಿ ಬೀಸಿದರೆ ಬಲ ತೋಳಿಗೆ ಬಟ್ಟೆ ಸುತ್ತಿ, ಹಲ್ಲಿನಿಂದ ಬಿಗಿದು, ಕಿವಿಗೊಟ್ಟು ಕೂರುತ್ತಿದ್ದ. ದಕ್ಷಿಣದಲ್ಲಿ ಆ ಹೆಣ್ಣು ಈಗ ಕೊಳಲೆತ್ತಿರಬಹುದು, ಈಗ ಉಸಿರು ಎಳೆದುಕೊಂಡಿರಬಹುದು, ಈಗ, ಇನ್ನೇನು ಈಗ ಎಂದು ಕಾಯುತ್ತಿದ್ದ. ಮಿಯಾನಿನಲ್ಲಿ ರುವಾನ್ ಹೊಸ ಶೆಂಗ್ ಕಟ್ಟಿ, ಅದು ಹಳತಾಗಿ, ಮತ್ತೊಂದನ್ನೂ ಕಟ್ಟಿಕೊಂಡಳು. ಉತ್ತರದಿಂದ ಬಂದಿದ್ದ ಆ ಯಜಮಾನನ ಹೆಸರೇನು ಎಂದು ಯಾರೋ ಕೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನೆನಪಾಗಲಿಲ್ಲ.